ಕೈಯಲ್ಲೊಂದು ಪರದೆ, ಎದುರಿಗೊಂದು ಪರದೆ: ಗೇಮ್ ಬಾಯ್ ಅಡ್ವಾನ್ಸನ್ನು ಗೇಮ್‌ಕ್ಯೂಬ್‌ಗೆ ಜೋಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಳೆಯ ಗೇಮ್‌ಕ್ಯೂಬ್‌ಗೆ ನಾಲ್ಕು ಗೇಮ್ ಬಾಯ್ ಅಡ್ವಾನ್ಸ್ ಜೋಡಿಸಿ ಆಡುವುದನ್ನು ಕಂಡವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೆಲವರು ಪತ್ರ ಬರೆದು ಕೇಳಿದ್ದಾರೆ, ಕೆಲವರು ನಮ್ಮ ನಡುಮನೆಯ ಚಾಪೆಯ ಮೇಲೆ ಕೂತೇ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಕೇಬಲ್ ಆಗಲೇ ಕೈಗೆ ಬಂದಿದ್ದರೆ ನಡುವಿನಿಂದ ಶುರು ಮಾಡಬಹುದು.

## ಮೊದಲು ತಿಳಿಯಬೇಕಾದದ್ದು

ಎದುರಿಗೆ ಅಷ್ಟು ದೊಡ್ಡ ಟಿ.ವಿ. ಇರುವಾಗ ಕೈಯಲ್ಲಿ ಇನ್ನೊಂದು ಪುಟ್ಟ ಪರದೆ ಯಾಕೆ?

ಇಸ್ಪೀಟಾಟವನ್ನು ನೆನಪಿಸಿಕೊಳ್ಳಿ. ನಡುವೆ ಬಿದ್ದ ಎಲೆ ಎಲ್ಲರಿಗೂ ಕಾಣುತ್ತದೆ. ಕೈಯಲ್ಲಿರುವ ಎಲೆ ಹಿಡಿದವರಿಗೆ ಮಾತ್ರ. ಎಲ್ಲರ ಎಲೆಯನ್ನೂ ಮೇಲೆ ತಿರುಗಿಸಿಟ್ಟು ಆಡಿದರೆ ಅದು ಆಟವೇ ಅಲ್ಲ. ಟಿ.ವಿ. ಆಟಗಳ ಗತಿ ಬಹಳ ಕಾಲ ಹಾಗೆಯೇ ಇತ್ತು. ಪರದೆಯನ್ನು ನಾಲ್ಕು ಭಾಗ ಮಾಡಿ ಹಂಚಿದರೂ ಪಕ್ಕದವರ ಭಾಗದ ಮೇಲೆ ಕಣ್ಣು ಹೋಗಿಯೇ ಹೋಗುತ್ತದೆ.

ಕೈಪರದೆ ಬಂದಾಗ ಒಬ್ಬೊಬ್ಬರಿಗೂ ತಮ್ಮದೇ ಗುಟ್ಟು ಸಿಕ್ಕಿತು. ಅದನ್ನು ಹೇಳಬೇಕೋ ಮುಚ್ಚಿಡಬೇಕೋ ಎನ್ನುವುದು ಅವರಿಗೇ ಬಿಟ್ಟದ್ದು. ಪಕ್ಕಪಕ್ಕದಲ್ಲಿ ಕೂತವರು ಮಾತನಾಡಲೇಬೇಕಾದ ಸ್ಥಿತಿ ಹುಟ್ಟುತ್ತದೆ. ನನ್ನ ಮಟ್ಟಿಗೆ ಈ ಜೋಡಣೆಯ ಬೆಲೆ ಇರುವುದು ಅಲ್ಲೇ.

ಯಾವ ಕಾಲದ ಯಂತ್ರಗಳಿವು?

ಎರಡೂ ಜಪಾನಿನ ನಿಂಟೆಂಡೊ ಸಂಸ್ಥೆಯವು, ಎರಡೂ 2001ರವು. ಗೇಮ್ ಬಾಯ್ ಅಡ್ವಾನ್ಸ್ ಮಾರ್ಚ್‌ನಲ್ಲಿ, ಗೇಮ್‌ಕ್ಯೂಬ್ ಸೆಪ್ಟೆಂಬರ್‌ನಲ್ಲಿ ಜಪಾನಿನ ಅಂಗಡಿಗೆ ಬಂದವು. ಮೊದಲನೆಯದು ಕೈಯಲ್ಲಿ ಹಿಡಿದು ಆಡುವಂಥದ್ದು, 240×160 ಚುಕ್ಕೆಗಳ ಪರದೆ. ಎರಡನೆಯದು ಟಿ.ವಿ.ಗೆ ಜೋಡಿಸುವ ಡಬ್ಬ, ಮುಂಭಾಗದಲ್ಲಿ ನಾಲ್ಕು ಕಂಟ್ರೋಲರ್ ಪೋರ್ಟ್‌ಗಳು. ಲೋಕದಾದ್ಯಂತ ಗೇಮ್ ಬಾಯ್ ಅಡ್ವಾನ್ಸ್ 8 ಕೋಟಿಗೂ ಹೆಚ್ಚು ಮಾರಾಟವಾಯಿತು, ಗೇಮ್‌ಕ್ಯೂಬ್ ಸುಮಾರು 2.17 ಕೋಟಿ. ಮಕ್ಕಳ ಜೇಬಿನಲ್ಲಿ ಆಗಲೇ ಇದ್ದ ಯಂತ್ರವನ್ನು ಟಿ.ವಿ. ಮುಂದೆ ಕರೆತರುವ ಯೋಚನೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಏನೇನು ಬೇಕು ಎಂದು ಒಟ್ಟಿಗೆ ಹೇಳಿಬಿಡಿ.

ಒಂದು ಗೇಮ್‌ಕ್ಯೂಬ್, ಅದಕ್ಕೊಂದು ಮೆಮೊರಿ ಕಾರ್ಡ್, ಈ ಸೌಲಭ್ಯವಿರುವ ಒಂದು ಡಿಸ್ಕ್. ಆಮೇಲೆ ಒಬ್ಬೊಬ್ಬ ಆಟಗಾರನಿಗೂ ಒಂದು ಗೇಮ್ ಬಾಯ್ ಅಡ್ವಾನ್ಸ್ ಮತ್ತು ಒಂದು ಕೇಬಲ್. ಕೇಬಲ್‌ನ ಒಂದು ತುದಿ ಕಂಟ್ರೋಲರ್ ಪೋರ್ಟ್‌ಗೆ, ಇನ್ನೊಂದು ತುದಿ ಗೇಮ್ ಬಾಯ್‌ನ ತಲೆಯ ಮೇಲಿರುವ ಪೋರ್ಟ್‌ಗೆ ಕೂರುತ್ತದೆ. ನಾಲ್ವರು ಆಡಬೇಕಾದರೆ ನಾಲ್ಕು ಗೇಮ್ ಬಾಯ್, ನಾಲ್ಕು ಕೇಬಲ್. ಈ ಲೆಕ್ಕ ಕೇಳಿಯೇ ಅಂದು ಬಹಳ ಮಂದಿ ಹಿಂದೆ ಸರಿದರು.

ನಮ್ಮಲ್ಲಿ ಒಂದೇ ಗೇಮ್ ಬಾಯ್ ಇದೆ. ಇಷ್ಟರಲ್ಲೇ ಏನಾದರೂ ಆಡಬಹುದೇ?

ಖಂಡಿತ. ಎಲ್ಲರೂ ಶುರು ಮಾಡಬೇಕಾದ್ದೇ ಅಲ್ಲಿಂದ. 2003ರಲ್ಲಿ ಬಂದ 'ಪ್ಯಾಕ್-ಮ್ಯಾನ್ ವರ್ಸಸ್' ಆಟಕ್ಕೆ ಒಂದು ಗೇಮ್ ಬಾಯ್, ಒಂದು ಕೇಬಲ್, ಉಳಿದವರಿಗೆ ಮಾಮೂಲಿ ಕಂಟ್ರೋಲರ್ ಸಾಕು. ನಿಂಟೆಂಡೊದ ಶಿಗೆರು ಮಿಯಾಮೊಟೊ ರೂಪಿಸಿದ, ನಾಮ್ಕೊ ಸಂಸ್ಥೆ ಹೊರತಂದ ಆಟವಿದು.

ಪ್ಯಾಕ್-ಮ್ಯಾನ್ ಆದವರು ಗೇಮ್ ಬಾಯ್ ಹಿಡಿಯುತ್ತಾರೆ. ಅವರಿಗೆ ಇಡೀ ಚಕ್ರವ್ಯೂಹ ಕಾಣುತ್ತದೆ. ಉಳಿದ ಮೂವರು ಭೂತಗಳು, ಟಿ.ವಿ.ಯಲ್ಲಿ ಅವರಿಗೆ ಕಾಣುವುದು ತಮ್ಮ ಸುತ್ತಲಿನ ಒಂದಿಷ್ಟು ಜಾಗ ಮಾತ್ರ. ಹಾಗಾಗಿ ಭೂತಗಳು ಕೂಗಾಡಲೇಬೇಕು: "ಬಲಗಡೆ ಮೂಲೆಗೆ ಓಡಿದ, ನೀನು ಕೆಳಗಿನಿಂದ ಅಡ್ಡ ಹಾಕು!" ಪ್ಯಾಕ್-ಮ್ಯಾನ್ ಮಾತ್ರ ತುಟಿ ಬಿಗಿಹಿಡಿದು ಕೂರುತ್ತಾನೆ. ಹಿಡಿದವನ ಕೈಗೆ ಗೇಮ್ ಬಾಯ್ ದಾಟುತ್ತದೆ. ನನ್ನ ತಂಗಿಯ ಮಗಳು ಮೊದಲ ಸಲ ಆಡಿದಾಗ ಗೇಮ್ ಬಾಯನ್ನು ಎದೆಗವಚಿಕೊಂಡು, ಯಾರೂ ಇಣುಕದ ಹಾಗೆ ಗೋಡೆಗೆ ಬೆನ್ನು ಹಾಕಿ ಕೂತಳು. ಯಾರೂ ನಿಯಮ ವಿವರಿಸಿರಲಿಲ್ಲ.

## ಕೊಳ್ಳುವಾಗ, ಜೋಡಿಸುವಾಗ

ಎಸ್‌ಪಿ, ಮೈಕ್ರೋ, ಡಿಎಸ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆಯೇ?

ಮೊದಲ ಗೇಮ್ ಬಾಯ್ ಅಡ್ವಾನ್ಸ್ ಮತ್ತು 2003ರ ಮಡಚುವ ಎಸ್‌ಪಿ ಎರಡೂ ನಡೆಯುತ್ತವೆ. 2005ರ ಮೈಕ್ರೋದ ಪೋರ್ಟ್ ಬೇರೆ ಆಕಾರದ್ದು, ಕೇಬಲ್ ಕೂರುವುದಿಲ್ಲ. ನಿಂಟೆಂಡೊದ ಮುಂದಿನ ಕೈಯಂತ್ರವಾದ ಡಿಎಸ್‌ನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್ (ಆಟ ತುಂಬಿದ ಪುಟ್ಟ ಡಬ್ಬಿ) ಆಡಬಹುದಾದರೂ ಲಿಂಕ್ ಪೋರ್ಟ್ ಇಲ್ಲವೇ ಇಲ್ಲ. ಇನ್ನೂ ಹಳೆಯ ಗೇಮ್ ಬಾಯ್, ಗೇಮ್ ಬಾಯ್ ಕಲರ್‌ಗಳಿಂದಲೂ ಆಗದು.

ಅಂಗಡಿಯವರು "ಇದೂ ಲಿಂಕ್ ಕೇಬಲ್ಲೇ" ಎಂದು ಕೊಟ್ಟರು. ತುದಿಯೇ ಹೊಂದುತ್ತಿಲ್ಲವಲ್ಲ?

ಅವರು ಕೊಟ್ಟದ್ದು ಎರಡು ಗೇಮ್ ಬಾಯ್‌ಗಳನ್ನು ಪರಸ್ಪರ ಜೋಡಿಸುವ ಕೇಬಲ್. ಅದರ ಎರಡೂ ತುದಿ ಗೇಮ್ ಬಾಯ್‌ಗೇ ಸೇರಿದ್ದು. ನಿಮಗೆ ಬೇಕಾದ್ದು ಒಂದು ತುದಿಯಲ್ಲಿ ಗೇಮ್‌ಕ್ಯೂಬ್ ಕಂಟ್ರೋಲರ್‌ನ ದುಂಡನೆಯ ಪ್ಲಗ್ ಇರುವಂಥದ್ದು. ನಿಂಟೆಂಡೊ ಮಾಡಿದ ಅಸಲಿ ಕೇಬಲ್‌ನ ಮಾದರಿ ಸಂಖ್ಯೆ ಡಿಓಎಲ್-011.

ಬೇರೆಯವರು ಮಾಡಿದ ಅಗ್ಗದ ಕೇಬಲ್‌ಗಳೂ ಸಿಗುತ್ತವೆ. ಅಂಥ ಎರಡನ್ನು ಕೊಂಡಿದ್ದೆ. ಒಂದು ಇಂದಿಗೂ ನಡೆಯುತ್ತಿದೆ. ಇನ್ನೊಂದು, ಗೇಮ್ ಬಾಯನ್ನು ಸ್ವಲ್ಪ ಓರೆ ಮಾಡಿದರೂ ಸಂಪರ್ಕ ಕಳಚಿಕೊಳ್ಳುತ್ತಿತ್ತು. ಒಬ್ಬನ ಕೇಬಲ್ ಕಳಚಿದರೆ ಎಲ್ಲರ ಆಟವೂ ನಿಲ್ಲುತ್ತದೆ. ನಾಲ್ಕನ್ನೂ ಅಸಲಿಯೇ ಕೊಳ್ಳಲಾಗದಿದ್ದರೆ, ಕೊಳ್ಳುವ ಮುನ್ನ ಪ್ಲಗ್ ಹಾಕಿ ಅಲುಗಾಡಿಸಿ ನೋಡಲು ಬಿಡುವವರ ಬಳಿಯೇ ಕೊಳ್ಳಿ.

ಅಣ್ಣ ಅಮೆರಿಕದಿಂದ ತಂದ ಗೇಮ್‌ಕ್ಯೂಬನ್ನು ಇಲ್ಲಿ ಹಾಗೆಯೇ ಪ್ಲಗ್‌ಗೆ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಕರ್ನಾಟಕದ ಮನೆಗಳಿಗೆ ಈ ಯಂತ್ರಗಳು ಹೆಚ್ಚಾಗಿ ಬಂದಿರುವುದು ಹೊರದೇಶದಲ್ಲಿರುವ ನೆಂಟರ ಸೂಟ್‌ಕೇಸಿನಲ್ಲಿ, ಆದ್ದರಿಂದ ಈ ಪ್ರಶ್ನೆ ಮುಖ್ಯ. ಅಮೆರಿಕದ ಗೇಮ್‌ಕ್ಯೂಬ್ ಅಡಾಪ್ಟರ್ 120 ವೋಲ್ಟ್‌ಗೆ ಮಾಡಿದ್ದು, ಜಪಾನಿನದು 100 ವೋಲ್ಟ್‌ಗೆ. ನಮ್ಮ ಗೋಡೆಯಲ್ಲಿ ಬರುವುದು 230. ನೇರ ಹಾಕಿದರೆ ಅಡಾಪ್ಟರ್ ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬಳಸಿ. ಇಲ್ಲವೇ 230 ವೋಲ್ಟ್‌ನ ಯುರೋಪಿನ ಅಡಾಪ್ಟರ್ ಹುಡುಕಿ; ಹೊರಬರುವ ವಿದ್ಯುತ್ 12 ವೋಲ್ಟ್, 3.25 ಆಂಪಿಯರ್ ಎಂದು ಮೈಮೇಲಿನ ಚೀಟಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ.

ಇನ್ನೂ ಒಂದು ವಿಷಯ. ಗೇಮ್‌ಕ್ಯೂಬ್ ತನ್ನ ಪ್ರದೇಶದ ಡಿಸ್ಕನ್ನು ಮಾತ್ರ ಓದುತ್ತದೆ. ಅಮೆರಿಕದ ಡಬ್ಬಕ್ಕೆ ಅಮೆರಿಕದ ಡಿಸ್ಕ್. ಗೇಮ್ ಬಾಯ್ ಅಡ್ವಾನ್ಸ್‌ಗೆ ಅಂಥ ಕಟ್ಟಳೆ ಇಲ್ಲ: ದುಬೈನಿಂದ ಒಂದು, ಲಂಡನ್‌ನಿಂದ ಒಂದು, ಸಿಂಗಪುರದಿಂದ ಒಂದು ಬಂದಿದ್ದರೂ ಒಂದೇ ಡಬ್ಬದ ಮುಂದೆ ಕೂರುತ್ತವೆ. ಹಳೆಯ ಟಿ.ವಿ.ಯಲ್ಲಿ ಚಿತ್ರ ಕಪ್ಪುಬಿಳುಪಾಗಿ ಬಂದರೆ ಯಂತ್ರ ಕೆಟ್ಟಿದೆ ಎಂದು ಹೆದರಬೇಡಿ, ಆ ಟಿ.ವಿ. ನಮ್ಮ ದೇಶದ ಪಾಲ್ ಎಂಬ ಬಣ್ಣದ ಸಂಕೇತವನ್ನಷ್ಟೇ ಅರಿಯುತ್ತದೆ, ಅಮೆರಿಕದ ಡಬ್ಬ ಕಳಿಸುತ್ತಿರುವುದು ಎನ್‌ಟಿಎಸ್‌ಸಿ ಎಂಬ ಅಲ್ಲಿನ ಸಂಕೇತ.

ಗೇಮ್‌ಕ್ಯೂಬ್ ಸಿಗುತ್ತಿಲ್ಲ, ಮನೆಯಲ್ಲಿ ವೀ ಇದೆ. ಸಾಕೇ?

ವೀ ಎಂದರೆ ಗೇಮ್‌ಕ್ಯೂಬ್ ನಂತರ ನಿಂಟೆಂಡೊ ತಂದ ಟಿ.ವಿ. ಯಂತ್ರ. 2006ರಲ್ಲಿ ಬಂದ ಮೊದಲ ಮಾದರಿಯ ವೀ ಆದರೆ ಸಾಕು. ಅದರ ಮೈಮೇಲಿನ ಮುಚ್ಚಳ ತೆಗೆದರೆ ನಾಲ್ಕು ಗೇಮ್‌ಕ್ಯೂಬ್ ಪೋರ್ಟ್‌ಗಳೂ ಮೆಮೊರಿ ಕಾರ್ಡ್ ಜಾಗವೂ ಕಾಣುತ್ತವೆ. ಗೇಮ್‌ಕ್ಯೂಬ್ ಡಿಸ್ಕ್ ಹಾಕಿ, ಕೇಬಲ್ ಜೋಡಿಸಿ, ಆಡಿ. 2011ರಿಂದ ಬಂದ ಮಾದರಿಗಳಲ್ಲಿ ಆ ಪೋರ್ಟ್‌ಗಳನ್ನು ತೆಗೆದುಹಾಕಿದರು. ಮುಚ್ಚಳ ಇದೆಯೇ ಎಂದು ನೋಡಿಯೇ ಹಣ ಕೊಡಿ.

ಎಲ್ಲ ಜೋಡಿಸಿದೆ, ಗೇಮ್ ಬಾಯ್ ಮಾತ್ರ ತನ್ನ ಪಾಡಿಗೆ ತನ್ನದೇ ಆಟ ತೆರೆಯುತ್ತದೆ. ಏನು ಮಾಡಲಿ?

ಒಳಗೆ ಕಾರ್ಟ್ರಿಜ್ ಇದೆ ಎಂದರ್ಥ. ಅದನ್ನು ತೆಗೆದು ಮತ್ತೆ ಆನ್ ಮಾಡಿ. ತೆಗೆಯಲು ಬೇಸರವಾದರೆ ಸ್ಟಾರ್ಟ್ ಮತ್ತು ಸೆಲೆಕ್ಟ್ ಬಟನ್‌ಗಳನ್ನು ಒಟ್ಟಿಗೆ ಒತ್ತಿಹಿಡಿದು ಆನ್ ಮಾಡಿ. ಆಗ ಗೇಮ್ ಬಾಯ್ ಕಾರ್ಟ್ರಿಜ್ ಕಡೆ ನೋಡದೆ ಕೇಬಲ್‌ನಿಂದ ಬರುವುದಕ್ಕೆ ಕಾಯುತ್ತದೆ.

ಕಾರ್ಟ್ರಿಜ್ ಇಲ್ಲದೆಯೂ ಏನೂ ಬರದಿದ್ದರೆ ಪೋರ್ಟ್‌ನ ಒಳಗಿನ ಹಿತ್ತಾಳೆ ಬಣ್ಣದ ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿ. ಇಪ್ಪತ್ತು ವರ್ಷದ ಧೂಳು ಅಲ್ಲಿ ಕಪ್ಪಗೆ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆತ್ತಗೆ ಒರೆಸಿ, ಪೂರ್ತಿ ಆರಲು ಬಿಟ್ಟು ಜೋಡಿಸಿ.

ಒಂದು ಅಪವಾದವಿದೆ: ಗೇಮ್‌ಕ್ಯೂಬ್‌ನ 'ಮೆಟ್ರಾಯ್ಡ್ ಪ್ರೈಮ್'ನಂಥ ಕೆಲವು ಆಟಗಳು ಕಾರ್ಟ್ರಿಜ್ ಒಳಗಿರಬೇಕೆಂದೇ ಕೇಳುತ್ತವೆ, ಏಕೆಂದರೆ ಅವು ಮಾತನಾಡಬೇಕಾದ್ದು ಗೇಮ್ ಬಾಯ್‌ನ ಆಟದ ಜೊತೆಗೆ; 'ಪ್ರೈಮ್'ಗಾದರೆ 'ಮೆಟ್ರಾಯ್ಡ್ ಫ್ಯೂಷನ್' ಕಾರ್ಟ್ರಿಜ್ ಬೇಕು.

ಕೇಬಲ್ ಮೂಲಕ ಗೇಮ್ ಬಾಯ್ ಚಾರ್ಜ್ ಆಗುತ್ತದೆಯೇ?

ಆಗುವುದಿಲ್ಲ. ಮೊದಲ ಮಾದರಿಗೆ ಎರಡು ಎಎ ಸೆಲ್ ಬೇಕು, ಸುಮಾರು 15 ಗಂಟೆ ಬಾಳುತ್ತವೆ. ಎಸ್‌ಪಿಗೆ ಒಳಗೇ ಬ್ಯಾಟರಿ ಇದೆ. 3 ಗಂಟೆ ಚಾರ್ಜ್ ಮಾಡಿದರೆ ದೀಪ ಹಚ್ಚಿಕೊಂಡು 10 ಗಂಟೆ ಆಡಬಹುದು, ಬ್ಯಾಟರಿ ಹೊಸದಾಗಿದ್ದರೆ.

## ಆಡುವಾಗ

ಜೆಲ್ಡಾದ ನಾಲ್ವರ ಆಟದಲ್ಲಿ ಕೈಪರದೆಗೆ ನಿಜವಾಗಿ ಏನು ಕೆಲಸ? ಸುಮ್ಮನೆ ಬಟನ್‌ಗಾಗಿಯೇ?

ಅಲ್ಲ. 2004ರ 'ಫೋರ್ ಸೋರ್ಡ್ಸ್ ಅಡ್ವೆಂಚರ್ಸ್' ಆಟದಲ್ಲಿ ಹಸಿರು, ಕೆಂಪು, ನೀಲಿ, ನೇರಳೆ ಅಂಗಿಯ ನಾಲ್ವರು ಲಿಂಕ್‌ಗಳು (ಲಿಂಕ್ ಎಂಬುದು ಜೆಲ್ಡಾ ಆಟಗಳ ನಾಯಕನ ಹೆಸರು) ಟಿ.ವಿ.ಯಲ್ಲಿ ಒಟ್ಟಿಗೆ ಓಡಾಡುತ್ತಾರೆ. ಅವರಲ್ಲೊಬ್ಬ ಗುಹೆಯೊಳಗೋ ಮನೆಯೊಳಗೋ ಕಾಲಿಟ್ಟ ಕೂಡಲೇ ಟಿ.ವಿ.ಯಿಂದ ಮಾಯವಾಗಿ ತನ್ನ ಆಟಗಾರನ ಕೈಪರದೆಯಲ್ಲಿ ಪ್ರತ್ಯಕ್ಷನಾಗುತ್ತಾನೆ. ಒಳಗೆ ಏನಿದೆ ಎಂದು ಉಳಿದ ಮೂವರಿಗೆ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಒಂದು ಭಾನುವಾರ ಹೇಳುತ್ತೇನೆ. ಅಣ್ಣನ ಮಗ ಒಂದು ಗುಹೆ ಹೊಕ್ಕ. ಟಿ.ವಿ.ಯಲ್ಲಿ ನಾವು ಮೂವರು ಶತ್ರುಗಳ ನಡುವೆ ಹೆಣಗುತ್ತಿದ್ದೇವೆ. "ಏನಿದೆಯೋ ಒಳಗೆ?" ಎಂದರೆ "ಏನಿಲ್ಲ ಅತ್ತೆ, ಖಾಲಿ" ಎಂದ. ತಲೆ ಎತ್ತಲಿಲ್ಲ, ಹೆಬ್ಬೆರಳು ಮಾತ್ರ ಬಿಡುವಿಲ್ಲದೆ ಆಡುತ್ತಿತ್ತು. ಅವನು ಹೊರಬಂದಾಗ ಅವನ ಹರಳುಗಳ ಲೆಕ್ಕ ನಮ್ಮೆಲ್ಲರಿಗಿಂತ ಮೇಲೆ ಹೋಗಿತ್ತು. ಆಟದಲ್ಲಿ ಈ ಹರಳುಗಳು ಗುಂಪಿಗೂ ಬೇಕು: ಒಂದು ಹಂತದಲ್ಲಿ ಎಲ್ಲರೂ ಸೇರಿ 2,000 ಕೂಡಿಸಿದರೇ ಕತ್ತಿಗೆ ಶಕ್ತಿ ತುಂಬುತ್ತದೆ. ಆದರೆ ಯಾರು ಎಷ್ಟು ಕೂಡಿಸಿದರು ಎಂಬ ಲೆಕ್ಕವೂ ಇರುತ್ತದೆ. ಒಟ್ಟಿಗೆ ಗೆಲ್ಲಬೇಕು, ಒಟ್ಟಿನಲ್ಲೂ ತಾನು ಮುಂದಿರಬೇಕು: ಈ ಎರಡು ಆಸೆಗಳ ಎಳೆದಾಟ ಆ ಪುಟ್ಟ ಪರದೆಯಿಂದಲೇ ಹುಟ್ಟಿದ್ದು. ಆಟ ಒಬ್ಬರೇ ಆಡಿದರೆ ಮಾಮೂಲಿ ಕಂಟ್ರೋಲರ್ ಸಾಕು. ಇಬ್ಬರಾದ ಕೂಡಲೇ ಒಬ್ಬೊಬ್ಬರಿಗೂ ಗೇಮ್ ಬಾಯ್ ಕಡ್ಡಾಯ.

ಫೈನಲ್ ಫ್ಯಾಂಟಸಿಗಾಗಿ ಇಷ್ಟೆಲ್ಲ ಹೊಂದಿಸುವುದು ಸಾರ್ಥಕವೇ?

ವಾರಕ್ಕೊಮ್ಮೆ ತಪ್ಪದೆ ಬರುವ ಮೂವರು ನಿಮಗಿದ್ದರೆ, ಹೌದು. 2003ರ 'ಫೈನಲ್ ಫ್ಯಾಂಟಸಿ ಕ್ರಿಸ್ಟಲ್ ಕ್ರಾನಿಕಲ್ಸ್' ಉದ್ದನೆಯ ಆಟ. ವಿಷದ ಹಬೆ ತುಂಬಿದ ಲೋಕದಲ್ಲಿ ಒಂದು ಪಾತ್ರೆಯ ಸುತ್ತಲಿನ ವೃತ್ತದೊಳಗೆ ಮಾತ್ರ ಉಸಿರಾಡಬಹುದು, ಆ ಪಾತ್ರೆಯನ್ನು ಯಾರಾದರೊಬ್ಬರು ಹೊರಲೇಬೇಕು. ಕೈಪರದೆಗಳಲ್ಲಿ ಬೇರೆ ಬೇರೆ ಮಾಹಿತಿ: ಒಬ್ಬರಿಗೆ ಭೂಪಟ, ಒಬ್ಬರಿಗೆ ನಿಧಿ ಇರುವ ಜಾಗ, ಒಬ್ಬರಿಗೆ ಶತ್ರುಗಳಿರುವ ಜಾಗ, ಒಬ್ಬರಿಗೆ ಆ ಶತ್ರುಗಳ ವಿವರ. ಯಾರೊಬ್ಬರೂ ಪೂರ್ತಿ ಅರಿತವರಲ್ಲ. ಚೀಲ ತಡಕುವ ಕೆಲಸವೂ ಕೈಪರದೆಯಲ್ಲೇ, ಹಾಗಾಗಿ ನೀವು ಮದ್ದು ಹುಡುಕುವಾಗ ಉಳಿದವರ ಯುದ್ಧ ನಿಲ್ಲುವುದಿಲ್ಲ.

2020ರಲ್ಲಿ ಇದರ ಹೊಸ ರೂಪ ಬಂತು, ಮೊಬೈಲ್‌ಗೂ ಬಂತು. ಆದರೆ ಅದರಲ್ಲಿ ಒಂದೇ ಕೋಣೆಯಲ್ಲಿ ಒಂದೇ ಟಿ.ವಿ. ಮುಂದೆ ಕೂತು ಆಡುವ ವ್ಯವಸ್ಥೆ ಇಲ್ಲ, ಇಂಟರ್‌ನೆಟ್ ಮೂಲಕವೇ ಸೇರಬೇಕು. ಆಟದ ಜೀವವನ್ನೇ ಹೊರಗಿಟ್ಟಂತೆ ನನಗೆ ಅನಿಸಿತು.

ನನ್ನ ಮಗಳಿಗೆ 7 ವರ್ಷ. ಅವಳು ಆಡುವಾಗ ನಾನು ಜೊತೆಗಿರಬೇಕು, ಆದರೆ ನನಗೆ ಆಡಲು ಬರುವುದಿಲ್ಲ.

ಜೆಲ್ಡಾ ಸರಣಿಯದೇ ಆದ 'ವಿಂಡ್ ವೇಕರ್' ಆಟದಲ್ಲಿ, ಟಿಂಗಲ್ ಎಂಬ ಪಾತ್ರದ ಹೆಸರಿನ ಟಿಂಗಲ್ ಟ್ಯೂನರ್ ಎಂಬ ಸೌಲಭ್ಯ ನಿಮಗಾಗಿಯೇ ಇದೆ. ಮಗಳು ಕಂಟ್ರೋಲರ್ ಹಿಡಿದು ಟಿ.ವಿ.ಯಲ್ಲಿ ಆಡಲಿ, ನೀವು ಗೇಮ್ ಬಾಯ್ ಹಿಡಿದು ನಕ್ಷೆ ನೋಡುತ್ತಾ ದಾರಿ ಹೇಳಿ, ಬೇಕಾದಾಗ ಬಾಂಬು ಬೀಳಿಸಿ ನೆರವಾಗಿ. ಅವಸರವಿಲ್ಲ, ನೀವು ತಪ್ಪಿದರೆ ಆಟ ಕೆಡುವುದಿಲ್ಲ. ಕತ್ತಲಕೋಟೆಗಳಲ್ಲಿ ಅಡಗಿರುವ ಟಿಂಗಲ್ ಪ್ರತಿಮೆಗಳು ಈ ಎರಡನೆಯ ಪರದೆಯಿಲ್ಲದೆ ಸಿಗುವುದೇ ಇಲ್ಲ, ಹಾಗಾಗಿ ಅಮ್ಮನ ಪಾಲು ತೋರಿಕೆಯದಲ್ಲ. ವೀ ನಂತರದ ಯಂತ್ರವಾದ ವೀ ಯುಗೆ 2013ರಲ್ಲಿ ಬಂದ ಆವೃತ್ತಿಯಲ್ಲಿ ಟ್ಯೂನರ್ ತೆಗೆದು, ಸಂದೇಶ ಕಳಿಸುವ ಬಾಟಲಿಯೊಂದನ್ನು ಇಟ್ಟರು. ನಿಮಗೆ ಬೇಕಾದ್ದು ಗೇಮ್‌ಕ್ಯೂಬ್ ಡಿಸ್ಕೇ.

ದೀಪ ಹಾಕಿ ಆಡಬೇಕೋ, ಆರಿಸಿ ಆಡಬೇಕೋ?

ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿಲ್ಲ. ಟ್ಯೂಬ್‌ಲೈಟ್ ನಿಮ್ಮ ಹೆಗಲ ಹಿಂದಿನಿಂದ ಪರದೆಯ ಮೇಲೆ ಬೀಳುವಂತೆ ಕೂತುಕೊಳ್ಳಿ. ಎಸ್‌ಪಿಯಲ್ಲಿ ಮುಂದಿನಿಂದ ಬೀಳುವ ದೀಪವಿದೆ, ಅದರ ಎಜಿಎಸ್-101 ಮಾದರಿಯಲ್ಲಿ ಹಿಂದಿನಿಂದ ಬೆಳಗುವ ಚೆಂದದ ಪರದೆ. ಕಣ್ಣು ಮಂಜಾದ ಹಿರಿಯರಿಗೆ ಆ ಮಾದರಿಯನ್ನೇ ಕೊಡಿ.

## ಒಳಗಿನ ಕೆಲಸ ತಿಳಿಯಬೇಕೆನ್ನುವವರಿಗೆ

ಕಾರ್ಟ್ರಿಜ್ ಇಲ್ಲದ ಗೇಮ್ ಬಾಯ್‌ಗೆ ಆಟ ಎಲ್ಲಿಂದ ಬರುತ್ತದೆ? ಗೇಮ್‌ಕ್ಯೂಬ್ ಚಿತ್ರ ಕಳಿಸುತ್ತದೆಯೇ?

ಚಿತ್ರ ಕಳಿಸುವುದಿಲ್ಲ, ಕಳಿಸಲು ಸಾಧ್ಯವೂ ಇರಲಿಲ್ಲ. ಲೆಕ್ಕ ಹಾಕಿ ನೋಡಿ. 240×160 ಎಂದರೆ 38,400 ಚುಕ್ಕೆ. ಚುಕ್ಕೆಗೆ 15 ಬಿಟ್ ಬಣ್ಣ, ಸೆಕೆಂಡಿಗೆ 60 ಚಿತ್ರ: ಒಟ್ಟು ಸೆಕೆಂಡಿಗೆ ಸುಮಾರು 3.46 ಕೋಟಿ ಬಿಟ್. ಕಂಟ್ರೋಲರ್ ತಂತಿಯಲ್ಲಿ ಒಂದು ಬಿಟ್ ದಾಟಲು ಸುಮಾರು 4 ಮೈಕ್ರೋಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್. ಒಂದೇ ಒಂದು ಚಿತ್ರ ದಾಟಲು ಎರಡು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು.

ಅದಕ್ಕೇ ದಾರಿ ಬೇರೆ. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ 256 ಕೆಬಿ ಕೆಲಸದ ಸ್ಮೃತಿಯಿದೆ. ಆಟದ ಆರಂಭದಲ್ಲಿ ಗೇಮ್‌ಕ್ಯೂಬ್ ಒಂದು ಪುಟ್ಟ ಪ್ರೋಗ್ರಾಂ ಅನ್ನು ತಂತಿಯ ಮೂಲಕ ಅದರೊಳಗೆ ತುಂಬುತ್ತದೆ. ಆಗ ಕಾಯಬೇಕಾಗುವುದು ಇದಕ್ಕೇ. 256 ಕೆಬಿ ಪೂರ್ತಿ ತುಂಬಲು ತಂತಿಯ ಪೂರ್ಣ ವೇಗದಲ್ಲೂ 8 ಸೆಕೆಂಡಿಗೆ ಮೇಲೆ ಬೇಕು. ಆಮೇಲೆ ಗೇಮ್ ಬಾಯ್ ತನ್ನ ಚಿತ್ರವನ್ನು ತಾನೇ ಬಿಡಿಸಿಕೊಳ್ಳುತ್ತದೆ. ತಂತಿಯಲ್ಲಿ ಓಡಾಡುವುದು "ಕೆಂಪು ಲಿಂಕ್ ಗುಹೆ ಹೊಕ್ಕ", "ಎ ಬಟನ್ ಒತ್ತಿದ" ಎಂಬಂಥ ಚುಟುಕು ಸುದ್ದಿ, ಒಂದು ಸಲಕ್ಕೆ 4 ಬೈಟ್. ಇಕ್ಕಟ್ಟಿನ ತಂತಿಯಿಂದ ಇಷ್ಟು ದೊಡ್ಡ ಕೆಲಸ ತೆಗೆದ ಎಂಜಿನಿಯರ್‌ಗಳ ಬಗ್ಗೆ ನನಗೆ ಬಹಳ ಗೌರವ.

ಮುಂದೆ ವೀ ಯು, ವೀಟಾ ಮಾಡಿದ್ದೂ ಇದನ್ನೇ ಅಲ್ಲವೇ?

ಹೊರಗಿನಿಂದ ಹಾಗೆ ಕಾಣುತ್ತದೆ. 2012ರ ವೀ ಯು ಜೊತೆ ಬಂದ ಗೇಮ್‌ಪ್ಯಾಡ್‌ಗೆ 6.2 ಇಂಚಿನ ಪರದೆ ಇದೆ, ಆದರೆ ಅದು ಸ್ವತಂತ್ರ ಯಂತ್ರವಲ್ಲ. ಡಬ್ಬ ಬಿಡಿಸಿದ ಚಿತ್ರವನ್ನು ನಿಸ್ತಂತುವಾಗಿ ಪಡೆದು ತೋರಿಸುತ್ತದೆ ಅಷ್ಟೆ; ಡಬ್ಬ ಆರಿದರೆ ಅದರಲ್ಲಿ ಆಟವಿಲ್ಲ. ಗೇಮ್ ಬಾಯ್ ಆದರೋ ಕೇಬಲ್ ಕಳಚಿಟ್ಟು ಬಸ್ಸಿನಲ್ಲಿ ಕೂತು ಆಡುವಂಥದ್ದು.

ಸೋನಿಯ ಕೈಯಂತ್ರವಾದ ವೀಟಾ ಸ್ವತಂತ್ರ ಯಂತ್ರವೇ. 2012ರ ಕೊನೆಗೆ 'ಲಿಟಲ್‌ಬಿಗ್‌ಪ್ಲಾನೆಟ್ 2' ಆಟಕ್ಕೆ ವೀಟಾವನ್ನು ಕಂಟ್ರೋಲರ್ ಮಾಡುವ ಹೆಚ್ಚುವರಿ ಕಂತು ಬಂತು. ಸೋನಿಯ ಟಿ.ವಿ. ಯಂತ್ರ ಪಿಎಸ್ 4ರ ಕಾಲಕ್ಕೆ ವೀಟಾದ ಮುಖ್ಯ ಕೆಲಸ ಟಿ.ವಿ. ಚಿತ್ರವನ್ನೇ ಕೈಗೆ ತರುವುದಾಯಿತು. ಎಲ್2, ಆರ್2 ಬಟನ್‌ಗಳಿಲ್ಲದ್ದರಿಂದ ಬೆನ್ನಿನ ಸ್ಪರ್ಶಫಲಕದ ಮೇಲೆ ಬೆರಳಾಡಿಸಬೇಕಿತ್ತು. ಹಾಸಿಗೆಯಲ್ಲಿ ಮಲಗಿ ಆಡುವವರಿಗೆ ಅದು ವರ. ಆದರೆ ಒಂದೇ ಚಿತ್ರ ಜಾಗ ಬದಲಿಸುವುದಕ್ಕೂ ಎರಡು ಪರದೆ ಎರಡು ಮಾತು ಹೇಳುವುದಕ್ಕೂ ಬಹಳ ವ್ಯತ್ಯಾಸ.

ಹೊಸ ಎಲ್‌ಇಡಿ ಟಿ.ವಿ.ಯಲ್ಲಿ ಎರಡು ಪರದೆಗೂ ತಾಳ ತಪ್ಪುತ್ತದೆ. ಕೇಬಲ್ ದೋಷವೇ?

ಕೇಬಲ್‌ನದಲ್ಲ, ಟಿ.ವಿ.ಯದು. ಹಳೆಯ ಸಂಕೇತವನ್ನು ಹಿಗ್ಗಿಸಿ ತಿದ್ದಿ ತೋರಿಸಲು ಹೊಸ ಟಿ.ವಿ. ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಗೇಮ್ ಬಾಯ್ ಹಾಗೆ ತಡಮಾಡುವುದಿಲ್ಲ. ಆದ್ದರಿಂದ ಲಿಂಕ್ ಕೈಯಲ್ಲಿ ಆಗಲೇ ಬಂದಿರುತ್ತಾನೆ, ಟಿ.ವಿ.ಯಲ್ಲಿ ಇನ್ನೂ ಹೋಗಿರುವುದಿಲ್ಲ. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಅಟ್ಟದ ಮೇಲೆ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಇದ್ದರೆ ಇಳಿಸಿಕೊಳ್ಳಿ.

ಯಂತ್ರಗಳೇ ಇಲ್ಲದೆ ಕಂಪ್ಯೂಟರಿನಲ್ಲಿ ಆಡಬಹುದೇ?

ಡಾಲ್ಫಿನ್ ಎಂಬ ಎಮ್ಯುಲೇಟರ್‌ನಲ್ಲಿ (ಯಂತ್ರದ ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ) ಆಗುತ್ತದೆ. 2021ರಿಂದ ಅದರೊಳಗೇ ಗೇಮ್ ಬಾಯ್ ಅಡ್ವಾನ್ಸ್ ಸೇರಿದೆ: ಕಂಟ್ರೋಲರ್ ಪೋರ್ಟ್‌ಗಳ ಪಟ್ಟಿಯಲ್ಲಿ ಅದನ್ನು ಆರಿಸಿ, ನಿಮ್ಮ ಗೇಮ್ ಬಾಯ್‌ನಿಂದ ತೆಗೆದ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ಪ್ರೋಗ್ರಾಂ) ಕಡತವನ್ನು ತೋರಿಸಿದರೆ ಒಂದೊಂದು ಗೇಮ್ ಬಾಯ್‌ಗೂ ಒಂದು ಕಿಟಕಿ ತೆರೆಯುತ್ತದೆ. ಆಟ ಕಲಿಯಲು, ಕೊಳ್ಳುವ ಮುನ್ನ ಪರೀಕ್ಷಿಸಲು ಬಹಳ ಒಳ್ಳೆಯದು. ಆದರೆ ನಾಲ್ಕು ಕಿಟಕಿಯೂ ಒಂದೇ ಮಾನಿಟರಿನಲ್ಲಿ ಕಂಡರೆ ಎಲೆಯನ್ನು ತಿರುಗಿಸಿಟ್ಟಂತೆಯೇ ಆಯಿತು. 'ಪ್ಯಾಕ್-ಮ್ಯಾನ್ ವರ್ಸಸ್' ಒಂದೇ ಬೇಕೆನ್ನುವವರಿಗೆ 2017ರಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಬಂದ 'ನಾಮ್ಕೊ ಮ್ಯೂಸಿಯಂ' ಸಂಗ್ರಹದಲ್ಲೂ ಅದು ಇದೆ.

ನನಗೆ ಸಿ ಭಾಷೆ ಬರುತ್ತದೆ. ಈ ಎರಡು ಪರದೆಗೆ ನಾನೇ ಏನಾದರೂ ಬರೆಯಬಹುದೇ?

ಬರೆಯಬಹುದು, ದಯವಿಟ್ಟು ಬರೆಯಿರಿ. ಡೆವ್‌ಕಿಟ್‌ಪ್ರೊ ಎಂಬ ಉಚಿತ ಸಲಕರಣೆಗಳಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೂ, ಗೇಮ್‌ಕ್ಯೂಬ್ ಮತ್ತು ವೀಗೂ ಬೇಕಾದ ಕಂಪೈಲರ್‌ಗಳಿವೆ. ಗೇಮ್ ಬಾಯ್ ಕಡೆಯ ಪ್ರೋಗ್ರಾಂ 256 ಕೆಬಿ ಮೀರಬಾರದು. ಮೊದಲು ಕೈಪರದೆಯಲ್ಲಿ ಒಂದು ಚುಕ್ಕೆ ಓಡಾಡಿಸಿ, ಅದರ ಜಾಗವನ್ನು ತಂತಿಯಲ್ಲಿ ಕಳಿಸಿ, ಟಿ.ವಿ.ಯಲ್ಲಿ ಅದೇ ಚುಕ್ಕೆ ಓಡಾಡುವಂತೆ ಮಾಡಿ. ಅಷ್ಟಾದರೆ ಕಷ್ಟದ ಭಾಗ ಮುಗಿಯಿತು.

ಅದಕ್ಕೂ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಇದೇ ಕೇಬಲ್ ಬಳಸಿ, ಹೊರಗಿನ ಪ್ರೋಗ್ರಾಂ ನಡೆಸಲು ಸಜ್ಜಾದ ವೀ ಮೂಲಕ, ಕಾರ್ಟ್ರಿಜ್‌ನಲ್ಲಿ ಉಳಿಸಿದ ಆಟವನ್ನು ಎಸ್‌ಡಿ ಕಾರ್ಡಿಗೆ ನಕಲು ಮಾಡುವ ಪ್ರೋಗ್ರಾಂಗಳಿವೆ. ಹಳೆಯ ಕಾರ್ಟ್ರಿಜ್‌ಗಳಲ್ಲಿ ಹಲವು ಒಳಗಿನ ಗುಂಡಿಸೆಲ್ಲಿನ ಬಲದಿಂದಲೇ ನೆನಪು ಉಳಿಸಿಕೊಂಡಿವೆ. ಸೆಲ್ಲು ಸತ್ತರೆ ಯಾರೋ ಹುಡುಗನೋ ಹುಡುಗಿಯೋ ರಜೆಯಿಡೀ ಕೂತು ಆಡಿದ್ದೆಲ್ಲ ಹೋಗುತ್ತದೆ. ನಿಮ್ಮ ಬಳಿ ಅಂಥ ಕಾರ್ಟ್ರಿಜ್ ಇದ್ದರೆ ಈ ವಾರವೇ ಕುಳಿತು ನಕಲು ಮಾಡಿಕೊಳ್ಳಿ.